ಕತ್ತಿವರಸೆ ಪಟುವಿನ ದಿನಚರಿ: ಮಹಾಸ್ಪರ್ಧೆಯ ಸಿದ್ಧತೆ

ಮಹಾರಾಷ್ಟ್ರದ ವೇರೂಳ್ ಗ್ರಾಮವು ಎಲ್ಲೋರ ಎಂಬ ಹೆಸರಿನಿಂದ ಜಗತ್ತಿಗೆಲ್ಲ ಪರಿಚಿತವಾಗಿದೆ. ಅಲ್ಲಿನ 34 ಗುಹೆಗಳ ಪೈಕಿ 16ನೆಯದಾದ ಕೈಲಾಸ ದೇವಾಲಯವು ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆದು ನಿರ್ಮಿಸಿದ ಮಹಾಕೃತಿಯಾಗಿದೆ. ಕನ್ನಡ ನಾಡಿನ ಇತಿಹಾಸದೊಂದಿಗೆ ನಿಕಟ ಸಂಬಂಧವುಳ್ಳ ಈ ದೇವಾಲಯದ ಭಿತ್ತಿಗಳಲ್ಲಿ ರಾಮಾಯಣ ಮತ್ತು ಮಹಾಭಾರತದ ಕಥಾಪಟ್ಟಿಕೆಗಳಿದ್ದು, ಆಯುಧಪಾಣಿಗಳಾದ ವೀರರ ಯುದ್ಧದೃಶ್ಯಗಳನ್ನೂ ಅಲ್ಲಿ ಕಾಣಬಹುದು.

ವೇರೂಳಿನಿಂದ ಸುಮಾರು 30 ಕಿ.ಮೀ. ದೂರದಲ್ಲಿ ಛತ್ರಪತಿ ಸಂಭಾಜಿನಗರವಿದೆ. 2023ರವರೆಗೆ ಈ ನಗರವು ಔರಂಗಾಬಾದ್ ಎಂಬ ಹೆಸರನ್ನು ಹೊಂದಿದ್ದಿತು. ಇಲ್ಲಿನ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವೊಂದು ಕಾರ್ಯನಿರ್ವಹಿಸುತ್ತಿದೆ. ಅಲ್ಲಿ ತರಬೇತಿ ನೀಡಲಾಗುವ ಕ್ರೀಡೆಗಳಲ್ಲಿ ಕತ್ತಿವರಸೆಯೂ ಒಂದು. ಇದು ಯುದ್ಧಭೂಮಿಯ ಖಡ್ಗವಿದ್ಯೆಯಲ್ಲ. ಹರಿತವಿಲ್ಲದ ಹಗುರ ಖಡ್ಗ, ಮುಖಕ್ಕೆ ಲೋಹದ ಜಾಲರಿಯ ಕವಚ, ಸ್ಪರ್ಶವನ್ನು ದಾಖಲಿಸುವ ವಿದ್ಯುತ್ ಯಂತ್ರ ಇವುಗಳಿಂದ ಕೂಡಿದ ಆಧುನಿಕ ಒಲಿಂಪಿಕ್ ಕ್ರೀಡೆಯಿದು.

ಸ್ಪರ್ಧೆಯ ದಿನ ಪ್ರೇಕ್ಷಕರಿಗೆ ಕಾಣುವುದು ಕ್ಷಣಮಾತ್ರದ ಒಂದು ಸ್ಪರ್ಶ. ದೀಪ ಬೆಳಗುತ್ತದೆ, ಅಂಕ ದೊರೆಯುತ್ತದೆ. ಆದರೆ ಆ ಸ್ಪರ್ಶವು ಕಣದಲ್ಲಿ ಹುಟ್ಟುವುದಿಲ್ಲ. ತಿಂಗಳುಗಟ್ಟಲೆ ನಡೆದ ನಿತ್ಯಸಾಧನೆಯಲ್ಲಿ, ಅಂದರೆ ನಿದ್ರೆ, ಆಹಾರ, ಹೆಜ್ಜೆ, ಪಾಠ, ಆಯುಧಗಳ ಆರೈಕೆ ಇವೆಲ್ಲವುಗಳಲ್ಲಿ ಅದು ರೂಪುಗೊಂಡಿರುತ್ತದೆ. ಮಹಾಸ್ಪರ್ಧೆಗೆ ಸಿದ್ಧರಾಗುವ ಉನ್ನತ ದರ್ಜೆಯ ಕತ್ತಿವರಸೆ ಪಟುವಿನ ಒಂದು ದಿನವು ಹೇಗೆ ಕಳೆಯುತ್ತದೆ ಮತ್ತು ಅದು ಹಾಗೆಯೇ ಏಕೆ ಕಳೆಯಬೇಕಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕ್ರೀಡೆಯ ಸ್ವರೂಪ

ಕತ್ತಿವರಸೆಯು 1896ರ ಪ್ರಥಮ ಆಧುನಿಕ ಒಲಿಂಪಿಕ್ ಕೂಟದಿಂದಲೂ ನಡೆದುಬಂದಿರುವ ಕೆಲವೇ ಕ್ರೀಡೆಗಳಲ್ಲಿ ಒಂದಾಗಿದೆ. ಮಹಿಳೆಯರಿಗೆ ಒಲಿಂಪಿಕ್ ಕತ್ತಿವರಸೆಯಲ್ಲಿ ಅವಕಾಶ ದೊರೆತದ್ದು 1924ರಲ್ಲಿ. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯು 1913ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು. ಭಾರತೀಯ ಫೆನ್ಸಿಂಗ್ ಸಂಸ್ಥೆಯು 1974ರಲ್ಲಿ ಅಸ್ತಿತ್ವಕ್ಕೆ ಬಂದಿತು.

ಕ್ರೀಡೆಯಲ್ಲಿ ಮೂರು ಬಗೆಯ ಆಯುಧಗಳಿವೆ: ಫಾಯಿಲ್, ಎಪೇ ಮತ್ತು ಸೇಬರ್. ಫಾಯಿಲ್‌ನ ತೂಕವು 500 ಗ್ರಾಂ ಮೀರಬಾರದು. ಅದರ ತುದಿಯಿಂದ ಎದುರಾಳಿಯ ಮುಂಡಭಾಗವನ್ನು ಮಾತ್ರ ಮುಟ್ಟಬೇಕು. ಎಪೇ 770 ಗ್ರಾಂವರೆಗೆ ತೂಗಬಹುದು. ಅದರ ತುದಿಯಿಂದ ಅಡಿಯಿಂದ ಮುಡಿಯವರೆಗೆ ದೇಹದ ಯಾವ ಭಾಗವನ್ನು ಮುಟ್ಟಿದರೂ ಅಂಕ ದೊರೆಯುತ್ತದೆ. ಸೇಬರ್‌ನ ಗರಿಷ್ಠ ತೂಕವೂ 500 ಗ್ರಾಂ. ಇದರಲ್ಲಿ ತುದಿಯಿಂದ ತಿವಿಯಬಹುದು, ಅಲಗಿನಿಂದ ಬೀಸಿ ಹೊಡೆಯಲೂಬಹುದು. ತಲೆ, ತೋಳುಗಳೂ ಸೇರಿದಂತೆ ಸೊಂಟದಿಂದ ಮೇಲಿನ ಭಾಗವೆಲ್ಲ ಗುರಿಯಾಗಿದ್ದು, ಹಸ್ತಗಳನ್ನು ಮಾತ್ರ ಹೊರತುಪಡಿಸಲಾಗಿದೆ.

ಕಣದ ಉದ್ದ 14 ಮೀಟರ್. ಅಗಲ ಒಂದೂವರೆಯಿಂದ ಎರಡು ಮೀಟರ್. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಲು ಇಲ್ಲಿ ಹೆಚ್ಚಿನ ಎಡೆಯಿಲ್ಲ. ಮುಂದುವರಿಯಬೇಕು ಇಲ್ಲವೇ ಹಿಂದೆ ಸರಿಯಬೇಕು. ಆದ್ದರಿಂದ ಎದುರಾಳಿಯಿಂದ ಕಾಯ್ದುಕೊಳ್ಳುವ ಅಂತರವೇ ಈ ಕ್ರೀಡೆಯ ಜೀವಾಳವೆನ್ನಬಹುದು.

ವೇಗದ ವಿಷಯದಲ್ಲಿ ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಸೇಬರ್ ಸ್ಪರ್ಧೆಯಲ್ಲಿ ಒಬ್ಬರ ಸ್ಪರ್ಶವು ದಾಖಲಾದ ಮೇಲೆ, ಎದುರಾಳಿಯ ಸ್ಪರ್ಶವನ್ನು ಯಂತ್ರವು ಸ್ವೀಕರಿಸುವ ಅವಧಿಯು ಸುಮಾರು 170 ಮಿಲಿಸೆಕೆಂಡು ಮಾತ್ರ. ಕಣ್ಣಿಗೆ ಕಂಡ ಸಂಜ್ಞೆಗೆ ಕೈಯು ಸ್ಪಂದಿಸಲು ಸಾಮಾನ್ಯವಾಗಿ 200 ಮಿಲಿಸೆಕೆಂಡಿನಷ್ಟು ಕಾಲ ಬೇಕಾಗುತ್ತದೆ. ಎಂದರೆ, ಎದುರಾಳಿಯ ಖಡ್ಗವು ಬರುತ್ತಿರುವುದನ್ನು ಕಂಡ ನಂತರ ಯೋಚಿಸಿ ಉತ್ತರಿಸುವುದಕ್ಕೆ ಇಲ್ಲಿ ವೇಳೆಯಿರುವುದಿಲ್ಲ. ಎದುರಾಳಿಯ ಭುಜ, ಮೊಣಕಾಲು, ಹೆಜ್ಜೆಯ ಲಯ ಇವುಗಳಿಂದ ಮುಂದಿನ ನಡೆಯನ್ನು ಮೊದಲೇ ಊಹಿಸಬೇಕು. ಊಹೆಗೆ ತಕ್ಕ ಉತ್ತರವು ಕೈಗೆ ಮೊದಲೇ ರೂಢಿಯಾಗಿರಬೇಕು. ಕತ್ತಿವರಸೆ ಪಟುವಿನ ಇಡೀ ದಿನಚರಿಯು ಈ ಒಂದು ಅಗತ್ಯದ ಸುತ್ತ ಹೆಣೆದುಕೊಂಡಿದೆ.

ವರ್ಷದ ಯೋಜನೆ

ಮಹಾಸ್ಪರ್ಧೆಯ ಸಿದ್ಧತೆಯು ತಿಂಗಳುಗಳ ಮೊದಲೇ ಪ್ರಾರಂಭವಾಗುತ್ತದೆ. ಉದಾಹರಣೆಗೆ, ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಕ್ರೀಡಾಕೂಟವು 2026ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಿಗೆ ನಿಗದಿಯಾಯಿತು. ಇಂತಹ ಕೂಟವೊಂದರ ದಿನಾಂಕವನ್ನು ಮುಂದಿಟ್ಟುಕೊಂಡು ತರಬೇತುದಾರರು ಕಾಲವನ್ನು ಹಿಂದಕ್ಕೆ ಎಣಿಸುತ್ತಾರೆ. ಮೊದಲ ಹಂತದಲ್ಲಿ ದೇಹಬಲ ಮತ್ತು ದಮ್ಮನ್ನು ಬೆಳೆಸಲಾಗುತ್ತದೆ. ಎರಡನೆಯ ಹಂತದಲ್ಲಿ ತಂತ್ರಗಳಿಗೆ ಹೆಚ್ಚಿನ ವೇಳೆ ಮೀಸಲಾಗುತ್ತದೆ. ಮೂರನೆಯ ಹಂತದಲ್ಲಿ ಸೆಣಸಾಟಗಳ ಸಂಖ್ಯೆ ಹೆಚ್ಚುತ್ತದೆ. ಕೊನೆಯ ಒಂದೆರಡು ವಾರಗಳಲ್ಲಿ ಅಭ್ಯಾಸದ ಪ್ರಮಾಣವನ್ನು ಕಡಿಮೆ ಮಾಡಿ ದೇಹಕ್ಕೆ ಚೇತರಿಸಿಕೊಳ್ಳಲು ಅವಕಾಶ ನೀಡಲಾಗುತ್ತದೆ.

ಮುಂದೆ ವಿವರಿಸಿರುವುದು ಎರಡನೆಯ ಮತ್ತು ಮೂರನೆಯ ಹಂತಗಳ ದಿನಚರಿಯ ಸಾಮಾನ್ಯ ಸ್ವರೂಪವಾಗಿದೆ. ಆಯುಧ, ಋತುಮಾನ, ಪಟುವಿನ ವಯಸ್ಸು ಮತ್ತು ತರಬೇತುದಾರರ ಪದ್ಧತಿಗಳನ್ನು ಅನುಸರಿಸಿ ಇದರಲ್ಲಿ ವ್ಯತ್ಯಾಸಗಳಿರುತ್ತವೆ.

ಬೆಳಗಿನ ಅವಧಿ: ಹೆಜ್ಜೆಗಳ ಅಭ್ಯಾಸ

ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಛತ್ರಪತಿ ಸಂಭಾಜಿನಗರದಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರುತ್ತದೆ. ಅಂತಹ ದಿನಗಳಲ್ಲಿ ಬೆಳಗಿನ ತಂಪು ಹೊತ್ತು ಕ್ರೀಡಾಪಟುವಿಗೆ ಬಹಳ ಅಮೂಲ್ಯವಾದುದು. ದಿನವು ಹಗುರವಾದ ಓಟ ಮತ್ತು ಕೀಲುಗಳನ್ನು ಸಡಿಲಗೊಳಿಸುವ ವ್ಯಾಯಾಮಗಳಿಂದ ಮೊದಲಾಗುತ್ತದೆ. ಅನಂತರ ಹೆಜ್ಜೆಗಳ ಅಭ್ಯಾಸ.

ಕತ್ತಿವರಸೆಯಲ್ಲಿ ಕೈಗಿಂತ ಮೊದಲು ಪಳಗಬೇಕಾದುದು ಕಾಲು. ಮೊಣಕಾಲುಗಳನ್ನು ಬಾಗಿಸಿ, ಮುಂದಿನ ಪಾದವನ್ನು ಎದುರಾಳಿಯತ್ತ, ಹಿಂದಿನ ಪಾದವನ್ನು ಅಡ್ಡವಾಗಿ ಇರಿಸಿ ನಿಲ್ಲುವುದು ಮೂಲಭಂಗಿ. ಈ ಭಂಗಿಯು ಕೆಡದಂತೆ ಮುಂದೆ ಹೋಗುವುದು, ಹಿಂದೆ ಬರುವುದು, ತಟ್ಟನೆ ನಿಲ್ಲುವುದು, ನಿಂತಲ್ಲಿಂದಲೇ ದಿಕ್ಕು ಬದಲಿಸುವುದು ಇವೆಲ್ಲ ನಿತ್ಯದ ಪಾಠಗಳು. ಲಂಜ್ ಎಂದು ಕರೆಯಲಾಗುವ ದಾಳಿಯ ಹೆಜ್ಜೆಯಲ್ಲಿ ಹಿಂಗಾಲನ್ನು ನೆಲಕ್ಕೆ ಒತ್ತಿ, ಮುಂಗಾಲನ್ನು ದೂರಕ್ಕೆ ಚಾಚಿ, ಖಡ್ಗದೊಡನೆ ದೇಹವನ್ನೆಲ್ಲ ಮುಂದಕ್ಕೆ ನೂಕಬೇಕಾಗುತ್ತದೆ. ಕೈಯು ಮೊದಲು ಚಾಚಿಕೊಳ್ಳಬೇಕು, ಕಾಲು ಆನಂತರ ಹೊರಡಬೇಕು. ಈ ಕ್ರಮವು ತಿರುಗುಮುರುಗಾದರೆ ದಾಳಿಯ ಸುಳಿವು ಎದುರಾಳಿಗೆ ಮೊದಲೇ ಸಿಕ್ಕಿಬಿಡುತ್ತದೆ. ಹಲವು ವರ್ಷಗಳ ಅನುಭವವಿರುವ ಪಟುಗಳೂ ಇದೇ ಹೆಜ್ಜೆಯನ್ನು ಪ್ರತಿದಿನ ಮತ್ತೆ ಮತ್ತೆ ಮಾಡುವುದಕ್ಕೆ ಇದು ಕಾರಣವಾಗಿದೆ.

ಒಂದೇ ಕಾಲು ಸದಾ ಮುಂದಿರುವುದರಿಂದ ದೇಹದ ಎರಡು ಪಾರ್ಶ್ವಗಳು ಸಮನಾಗಿ ಬೆಳೆಯುವುದಿಲ್ಲ. ಖಡ್ಗ ಹಿಡಿಯುವ ತೋಳು ಮತ್ತು ಮುಂದಿನ ತೊಡೆಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಪಾದದ ಕೀಲು ಉಳುಕುವುದು, ಮೊಣಕಾಲು ನೋವು, ತೊಡೆಯ ಸ್ನಾಯುಗಳ ಸೆಳೆತ ಇವು ಈ ಕ್ರೀಡೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು. ಇವುಗಳನ್ನು ತಡೆಗಟ್ಟುವ ಸಲುವಾಗಿ ವಾರದಲ್ಲಿ ಕೆಲವು ದಿನ ಭಾರ ಎತ್ತುವ ವ್ಯಾಯಾಮ, ಒಂಟಿಕಾಲಿನ ಮೇಲೆ ಸಮತೋಲನ ಸಾಧಿಸುವ ಅಭ್ಯಾಸ ಮತ್ತು ಹಿಂದಿನ ಪಾರ್ಶ್ವವನ್ನು ಬಲಪಡಿಸುವ ಚಲನೆಗಳನ್ನು ಸೇರಿಸಲಾಗುತ್ತದೆ.

ಗುರುವಿನೊಂದಿಗೆ ಪಾಠ

ಹೆಜ್ಜೆಗಳ ಬಳಿಕ ತರಬೇತುದಾರರೊಂದಿಗೆ ಒಬ್ಬೊಬ್ಬರಿಗೇ ನಡೆಯುವ ಅಭ್ಯಾಸವಿದೆ. ಜಗತ್ತಿನಾದ್ಯಂತ ಕತ್ತಿವರಸೆ ಶಾಲೆಗಳಲ್ಲಿ ಇದಕ್ಕೆ ‘ಪಾಠ’ ಎಂದೇ ಹೆಸರು. ದಪ್ಪನಾದ ತೊಗಲಿನ ಎದೆಗವಚ ಮತ್ತು ತೋಳುಗವಚ ಧರಿಸಿದ ತರಬೇತುದಾರರು ಎದುರಾಳಿಯ ಸ್ಥಾನದಲ್ಲಿ ನಿಲ್ಲುತ್ತಾರೆ. ಅವರು ಒಂದು ಅವಕಾಶವನ್ನು ತೋರುತ್ತಾರೆ. ಪಟುವು ದಾಳಿ ಮಾಡಬೇಕು. ಅವರು ತಡೆಯುತ್ತಾರೆ, ಪಟುವು ಖಡ್ಗವನ್ನು ಸುತ್ತಿ ಬೇರೆ ಕಡೆಯಿಂದ ಮುಟ್ಟಬೇಕು. ಅವರು ದಾಳಿ ಮಾಡಿದಾಗ ಪಟುವು ತಡೆದು ಮರುಹೊಡೆತ ನೀಡಬೇಕು.

ಪಾಠವು ಸಾಮಾನ್ಯವಾಗಿ 20ರಿಂದ 30 ನಿಮಿಷಗಳ ಕಾಲ ನಡೆಯುತ್ತದೆ. ಅವಧಿಯು ಚಿಕ್ಕದಾದರೂ ದಿನದಲ್ಲಿಯೇ ಅತಿ ಹೆಚ್ಚಿನ ಏಕಾಗ್ರತೆಯನ್ನು ಬೇಡುವ ಹೊತ್ತು ಇದಾಗಿದೆ. ಮೊದಮೊದಲು ತರಬೇತುದಾರರು ನೀಡುವ ಸಂಜ್ಞೆಯು ಸ್ಪಷ್ಟವಾಗಿರುತ್ತದೆ. ಕ್ರಮೇಣ ಅದು ಸೂಕ್ಷ್ಮವಾಗುತ್ತದೆ. ಕೊನೆಗೆ ನಿಜವಾದ ಸಂಜ್ಞೆಯ ನಡುವೆ ಹುಸಿ ಸಂಜ್ಞೆಗಳೂ ಬೆರೆಯುತ್ತವೆ. ಹೀಗೆ ಸಾವಿರಾರು ಸಲ ಆವರ್ತನೆಗೊಂಡ ಬಳಿಕ ಮಾತ್ರ ಉತ್ತರವು ಯೋಚನೆಯ ನೆರವಿಲ್ಲದೆ ಕೈಯಿಂದ ಹೊಮ್ಮುವಂತಾಗುತ್ತದೆ. ಹಳೆಯ ಗರಡಿಮನೆಗಳಲ್ಲಿ ಉಸ್ತಾದರು ಶಿಷ್ಯನಿಗೆ ಒಂದೇ ಪಟ್ಟನ್ನು ದಿನವೂ ಹಾಕಿಸಿ ಕಲಿಸುತ್ತಿದ್ದ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಆಹಾರ ಮತ್ತು ನೀರು

ಕ್ರೀಡಾಪಟುವಿನ ಆಹಾರದ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ ಹಾಗೂ ವ್ಯಾಯಾಮಗಳ ವಿವರಣೆಯಿದೆ. ಇಂದು ಅದೇ ವಿಚಾರವನ್ನು ಅಳತೆಗಳ ಮೂಲಕ ನಿರ್ಧರಿಸಲಾಗುತ್ತದೆ.

ಕಠಿಣ ತರಬೇತಿಯಲ್ಲಿರುವ ಕ್ರೀಡಾಪಟುವಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನವೊಂದಕ್ಕೆ 1.4ರಿಂದ 2 ಗ್ರಾಂನಷ್ಟು ಪ್ರೋಟೀನ್ ಬೇಕೆಂದು ಕ್ರೀಡಾಪೋಷಣೆಯ ತಜ್ಞರು ಸೂಚಿಸುತ್ತಾರೆ. ಎಂದರೆ 60 ಕಿಲೋಗ್ರಾಂ ತೂಕದ ಪಟುವಿಗೆ 84ರಿಂದ 120 ಗ್ರಾಂ. ಇದನ್ನು ಒಂದೇ ಹೊತ್ತಿಗೆ ತಿನ್ನದೆ ದಿನದ ಊಟಗಳಲ್ಲಿ ಹಂಚಿಕೊಳ್ಳುವುದು ಉತ್ತಮ. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಇದು ದೊರೆಯುತ್ತದೆ. ಮರಾಠವಾಡದಲ್ಲಿ ಭಾಕರಿ ಎನಿಸಿಕೊಳ್ಳುವ, ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಬಡಿಯುವ ಜೋಳದ ರೊಟ್ಟಿಯು ದೀರ್ಘಕಾಲ ಶಕ್ತಿ ಒದಗಿಸುವ ಆಹಾರ. ಅಭ್ಯಾಸಕ್ಕೆ ಸ್ವಲ್ಪ ಮುಂಚೆಯಾದರೆ ಬಾಳೆಹಣ್ಣಿನಂತಹ ಬೇಗ ಜೀರ್ಣವಾಗುವ ಆಹಾರವು ಹೆಚ್ಚು ಅನುಕೂಲ. ಕಬ್ಬಿಣಾಂಶದ ಕೊರತೆಯಿಂದ ಆಯಾಸವು ಹೆಚ್ಚುವುದರಿಂದ, ವಿಶೇಷವಾಗಿ ಮಹಿಳಾ ಪಟುಗಳು ಸೊಪ್ಪು, ಕಾಳುಗಳನ್ನು ಸೇವಿಸುವುದರ ಜೊತೆಗೆ ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ.

ನೀರಿನ ವಿಷಯವು ಈ ಕ್ರೀಡೆಯಲ್ಲಿ ಇನ್ನೂ ಮಹತ್ವದ್ದು. ದಪ್ಪ ಬಟ್ಟೆಯ ಅಂಗಿ, ಒಳಗವಚ, ಕೈಗವಸು, ಮುಖಕವಚ ಇವೆಲ್ಲವನ್ನು ಧರಿಸಿ ಸೆಣಸುವಾಗ ಬೆವರು ಧಾರಾಕಾರವಾಗಿ ಹರಿಯುತ್ತದೆ. ದೇಹತೂಕದ ಶೇಕಡಾ 2ರಷ್ಟು ನೀರು ನಷ್ಟವಾದರೂ ಸಾಮರ್ಥ್ಯವು ಕುಗ್ಗಬಹುದು. ಆದುದರಿಂದ ಅಭ್ಯಾಸದ ಮೊದಲು ಮತ್ತು ಅನಂತರ ತೂಕ ನೋಡಿಕೊಳ್ಳುವುದು ಒಂದು ಸರಳ ಉಪಾಯ. 60 ಕಿಲೋಗ್ರಾಂ ತೂಗುವ ಪಟುವು ಒಂದೇ ಅವಧಿಯಲ್ಲಿ ಒಂದು ಕಿಲೋಗ್ರಾಂಗಿಂತ ಹೆಚ್ಚು ಕಳೆದುಕೊಂಡಿದ್ದರೆ, ನೀರು ಕುಡಿಯುವ ಕ್ರಮವನ್ನು ತಿದ್ದಿಕೊಳ್ಳಬೇಕೆಂದು ತಿಳಿಯಬೇಕು.

ಔಷಧಿಗಳ ಬಗ್ಗೆಯೂ ಎಚ್ಚರ ಅಗತ್ಯ. ಶೀತ, ಕೆಮ್ಮುಗಳಿಗೆ ಅಂಗಡಿಯಲ್ಲಿ ಸಿಗುವ ಕೆಲವು ಔಷಧಿಗಳಲ್ಲಿ ಸ್ಪರ್ಧಾಕಾಲಕ್ಕೆ ನಿಷೇಧಿಸಲಾದ ಅಂಶಗಳಿರಬಹುದು. ದೇಹದಲ್ಲಿ ನಿಷಿದ್ಧ ವಸ್ತು ಕಂಡುಬಂದರೆ ಅದರ ಹೊಣೆಯನ್ನು ಪಟುವೇ ಹೊರಬೇಕಾಗುತ್ತದೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯಿದೆಯು 2022ರಲ್ಲಿ ಅಂಗೀಕೃತವಾಗಿದೆ. ಪರೀಕ್ಷಾ ಪಟ್ಟಿಗೆ ಸೇರಿದ ಉನ್ನತ ಪಟುಗಳು ಪ್ರತಿದಿನವೂ ತಾವು ನಿಶ್ಚಿತವಾಗಿ ದೊರೆಯುವ ಸ್ಥಳವನ್ನೂ 60 ನಿಮಿಷಗಳ ಅವಧಿಯೊಂದನ್ನೂ ಮುಂಚಿತವಾಗಿ ತಿಳಿಸಿರಬೇಕು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ಇದರಲ್ಲಿ ಲೋಪವಾದರೆ ಅದು ನಿಯಮಭಂಗವೆನಿಸುತ್ತದೆ. ಹಬ್ಬಕ್ಕೆಂದು ಊರಿಗೆ ಹೊರಟ ದಿನವೂ ಈ ಕರ್ತವ್ಯದಿಂದ ವಿನಾಯಿತಿಯಿಲ್ಲ.

ಮಧ್ಯಾಹ್ನ: ವಿಶ್ರಾಂತಿ ಮತ್ತು ಅಧ್ಯಯನ

ಮಧ್ಯಾಹ್ನದ ಊಟದ ಅನಂತರ ಅಲ್ಪ ವಿಶ್ರಾಂತಿಯಿರುತ್ತದೆ. ಬಹುಪಾಲು ಪಟುಗಳು ವಿದ್ಯಾರ್ಥಿಗಳೇ ಆಗಿರುವುದರಿಂದ ಶಾಲೆ, ಕಾಲೇಜುಗಳ ಪಾಠಗಳಿಗೂ ಈ ಹೊತ್ತಿನಲ್ಲಿಯೇ ಎಡೆ ಮಾಡಿಕೊಳ್ಳಬೇಕಾಗುತ್ತದೆ. ಕ್ರೀಡಾಜೀವನದ ಅವಧಿಯು ಸೀಮಿತವಾದುದು. ಗಾಯವೊಂದು ಅದನ್ನು ಇನ್ನಷ್ಟು ಮೊಟಕುಗೊಳಿಸಬಲ್ಲದು. ಈ ಕಾರಣದಿಂದ ಓದನ್ನು ಪೂರ್ತಿಯಾಗಿ ಕೈಬಿಡುವುದು ಹಿತವಲ್ಲ.

ಇದೇ ಹೊತ್ತಿನಲ್ಲಿ ವಿಡಿಯೊ ಚಿತ್ರಗಳ ಮೂಲಕ ಎದುರಾಳಿಗಳ ಅಧ್ಯಯನವೂ ನಡೆಯುತ್ತದೆ. ಎದುರಾಳಿಯು ಎಡಗೈಯವರೇ, ಬಲಗೈಯವರೇ. ಒತ್ತಡ ಬಿದ್ದಾಗ ಮುನ್ನುಗ್ಗುವರೇ, ಹಿಂದೆ ಸರಿಯುವರೇ. ತಡೆಯನ್ನು ಯಾವ ಬದಿಗೆ ಹೆಚ್ಚಾಗಿ ಒಡ್ಡುವರು. 14 ಅಂಕಗಳಾದ ಮೇಲೆ ಅವರ ಆಟ ಹೇಗೆ ಬದಲಾಗುತ್ತದೆ ಎಂಬಂತಹ ಪ್ರಶ್ನೆಗಳಿಗೆ ಉತ್ತರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಮೇಲೆ ಹೇಳಿದಂತೆ ಊಹೆಯೇ ಈ ಕ್ರೀಡೆಯ ಬಲವಾಗಿರುವುದರಿಂದ, ಕುಳಿತು ಮಾಡುವ ಈ ಕೆಲಸವು ಬೆವರು ಸುರಿಸುವ ಅಭ್ಯಾಸದಷ್ಟೇ ಮುಖ್ಯವಾದುದು.

ಸಂಜೆ: ಸೆಣಸಾಟ

ಸಂಜೆಯ ಅವಧಿಯು ಸೆಣಸಾಟಗಳಿಗೆ ಮೀಸಲು. ಸ್ಪರ್ಧೆಯ ಪ್ರಾಥಮಿಕ ಸುತ್ತಿನಲ್ಲಿ ಮೂರು ನಿಮಿಷಗಳಲ್ಲಿ 5 ಸ್ಪರ್ಶಗಳ ಪಂದ್ಯಗಳಿರುತ್ತವೆ. ಸೋತವರು ಹೊರಬೀಳುವ ಮುಂದಿನ ಸುತ್ತುಗಳಲ್ಲಿ 15 ಸ್ಪರ್ಶಗಳವರೆಗೆ ಸೆಣಸಬೇಕು. ಫಾಯಿಲ್ ಮತ್ತು ಎಪೇ ಪಂದ್ಯಗಳಲ್ಲಿ ಮೂರು ಮೂರು ನಿಮಿಷಗಳ ಮೂರು ಅವಧಿಗಳಿದ್ದು, ನಡುವೆ ಒಂದೊಂದು ನಿಮಿಷದ ವಿರಾಮವಿರುತ್ತದೆ. ಸೇಬರ್‌ನಲ್ಲಿ ಒಬ್ಬರು 8 ಸ್ಪರ್ಶ ತಲಪಿದೊಡನೆ ವಿರಾಮ ನೀಡಲಾಗುತ್ತದೆ. ಅಭ್ಯಾಸದಲ್ಲಿ ಈ ಎರಡೂ ಬಗೆಯ ಪಂದ್ಯಗಳನ್ನು ಆಡಿಸಲಾಗುತ್ತದೆ. ಕೆಲವೊಮ್ಮೆ ಅಂಕಗಳು 10-14 ಆಗಿವೆಯೆಂದು ಭಾವಿಸಿ ಅಲ್ಲಿಂದಲೇ ಪಂದ್ಯವನ್ನು ಆರಂಭಿಸುವುದುಂಟು. ಹಿನ್ನಡೆಯಲ್ಲಿದ್ದಾಗ ಧೈರ್ಯಗೆಡದಿರುವುದನ್ನು ಕಲಿಸಲು ಇದು ಉತ್ತಮ ಮಾರ್ಗ.

ಭಾರತದ ಪಟುಗಳು ಎದುರಿಸುವ ನಿಜವಾದ ಕೊರತೆಯು ಈ ಹಂತದಲ್ಲಿ ಗೋಚರವಾಗುತ್ತದೆ. ಪ್ರತಿದಿನವೂ ಅದೇ ನಾಲ್ಕಾರು ಸಹಪಾಠಿಗಳೊಡನೆ ಸೆಣಸುತ್ತಿದ್ದರೆ ಅವರ ನಡೆಗಳೆಲ್ಲ ಪರಿಚಿತವಾಗಿಬಿಡುತ್ತವೆ. ಅಪರಿಚಿತ ಖಡ್ಗವನ್ನು ಎದುರಿಸುವ ಚುರುಕು ಮಂದವಾಗುತ್ತದೆ. ಇಟಲಿ, ಫ್ರಾನ್ಸ್, ಹಂಗೇರಿ, ದಕ್ಷಿಣ ಕೊರಿಯಾಗಳಂತಹ ದೇಶಗಳಲ್ಲಿ ಉತ್ತಮ ಪಟುಗಳು ವಿಪುಲ ಸಂಖ್ಯೆಯಲ್ಲಿರುವುದರಿಂದ ಅಲ್ಲಿನವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಶಿಬಿರಗಳನ್ನು ಏರ್ಪಡಿಸುವುದು, ಬೇರೆ ಬೇರೆ ಕೇಂದ್ರಗಳ ಪಟುಗಳನ್ನು ಒಂದೆಡೆ ಸೇರಿಸುವುದು, ವಿದೇಶಗಳಲ್ಲಿ ತರಬೇತಿಗೆ ನೆರವಾಗುವುದು ಇವು ಈ ಕೊರತೆಯನ್ನು ನೀಗುವ ಸಾಧನಗಳಾಗಿವೆ.

ಆಯುಧಗಳ ಆರೈಕೆ ಮತ್ತು ಸುರಕ್ಷತೆ

ರಾತ್ರಿಯ ಊಟದ ನಂತರವೂ ಕೆಲಸ ಮುಗಿದಿರುವುದಿಲ್ಲ. ಫಾಯಿಲ್ ಮತ್ತು ಎಪೇಗಳ ತುದಿಯಲ್ಲಿ ಸಣ್ಣ ಸ್ಪ್ರಿಂಗ್ ಇದ್ದು, ನಿಯಮದಂತೆ ಫಾಯಿಲ್‌ನ ತುದಿಯು 500 ಗ್ರಾಂ, ಎಪೇಯ ತುದಿಯು 750 ಗ್ರಾಂ ಭಾರವನ್ನು ಮೇಲಕ್ಕೆತ್ತಬೇಕು. ತುದಿಯಲ್ಲಿ ಸೇರಿದ ಧೂಳನ್ನು ತೆಗೆಯುವುದು, ಅಲಗಿನುದ್ದಕ್ಕೂ ಸಾಗುವ ತಂತಿಯನ್ನು ಪರೀಕ್ಷಿಸುವುದು, ಬೆವರಿನಿಂದ ತುಕ್ಕು ಹಿಡಿಯದಂತೆ ಒರೆಸಿಡುವುದು, ಲೋಹದ ಎಳೆಗಳಿಂದ ನೇಯ್ದ ಮೇಲಂಗಿಯನ್ನು ಒಣಗಿಸುವುದು ಇವು ಪಟುವಿನ ನಿತ್ಯಕರ್ಮಗಳು. ಕಣಕ್ಕೆ ಬರುವಾಗ ಕನಿಷ್ಠ ಎರಡು ಸುಸ್ಥಿತಿಯ ಆಯುಧಗಳಿರಬೇಕು. ಇಲ್ಲದಿದ್ದರೆ ಮೊದಲು ಹಳದಿ ಕಾರ್ಡಿನ ಎಚ್ಚರಿಕೆ; ಮರುಕಳಿಸಿದರೆ ಕೆಂಪು ಕಾರ್ಡಿನೊಂದಿಗೆ ಎದುರಾಳಿಗೆ ಒಂದು ಅಂಕ. ಸಡಿಲವಾದ ಒಂದು ತಿರುಪು ತಿಂಗಳುಗಳ ಶ್ರಮವನ್ನು ಹೀಗೆ ಕಸಿದುಕೊಳ್ಳಬಲ್ಲದು.

ಸುರಕ್ಷತೆಯ ನಿಯಮಗಳು ಕಹಿ ಅನುಭವದಿಂದ ರೂಪುಗೊಂಡಿವೆ. 1982ರಲ್ಲಿ ರೋಮ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಫಾಯಿಲ್ ತುಂಡಾಗಿ ಮುಖಕವಚವನ್ನು ತೂರಿದ ಪರಿಣಾಮವಾಗಿ ಸೋವಿಯತ್ ಒಕ್ಕೂಟದ ಪ್ರಸಿದ್ಧ ಪಟು ವ್ಲಾದಿಮಿರ್ ಸ್ಮಿರ್ನೋವ್ ಮೃತರಾದರು. ಆ ದುರಂತದ ತರುವಾಯ ಅಲಗಿನ ಉಕ್ಕು, ಮುಖಕವಚ ಹಾಗೂ ಉಡುಪುಗಳ ಗುಣಮಟ್ಟವನ್ನು ಬಿಗಿಗೊಳಿಸಲಾಯಿತು. ಇಂದು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸುವ ಉಡುಪು 800 ನ್ಯೂಟನ್, ಮುಖಕವಚದ ಕೊರಳಪಟ್ಟಿ 1600 ನ್ಯೂಟನ್ ಬಲವನ್ನು ತಾಳಿಕೊಳ್ಳುವಂತಿರಬೇಕು. ಹರಿದ ಉಡುಪು, ಸೀಳುಬಿಟ್ಟ ಅಲಗುಗಳನ್ನು ಅಭ್ಯಾಸದಲ್ಲಿಯೂ ಬಳಸಬಾರದು.

ಅನಂತರ ನಿದ್ರೆ. ದಿನವೊಂದಕ್ಕೆ 8ರಿಂದ 9 ಗಂಟೆಗಳ ನಿದ್ರೆಯನ್ನು ಉನ್ನತ ಪಟುಗಳಿಗೆ ಸೂಚಿಸಲಾಗುತ್ತದೆ. ಸ್ನಾಯುಗಳು ಚೇತರಿಸಿಕೊಳ್ಳುವುದೂ, ಹಗಲು ಕಲಿತ ಚಲನೆಗಳು ಮೆದುಳಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ಮಲಗುವ ಮುನ್ನ ಮೊಬೈಲ್ ದೂರವಾಣಿಯನ್ನು ಬದಿಗಿಡುವುದೂ ತರಬೇತಿಯ ಅಂಗವೆಂದೇ ಪರಿಗಣಿಸಬೇಕು.

ಭವಾನಿ ದೇವಿಯವರ ನಿದರ್ಶನ

ಇಂತಹ ದಿನಚರಿಯನ್ನು ವರ್ಷಗಟ್ಟಲೆ ನಡೆಸಿದರೆ ಏನು ಸಾಧ್ಯ, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದಕ್ಕೆ ಚೆನ್ನೈನ ಸಿ.ಎ. ಭವಾನಿ ದೇವಿಯವರು ಉತ್ತಮ ನಿದರ್ಶನ. 1993ರಲ್ಲಿ ಜನಿಸಿದ ಅವರು 2004ರಲ್ಲಿ ಶಾಲೆಯಲ್ಲಿ ಕತ್ತಿವರಸೆಯನ್ನು ಆರಂಭಿಸಿದರು. ವಿದ್ಯುತ್ ಖಡ್ಗಗಳು ದುಬಾರಿಯಾಗಿದ್ದ ಕಾರಣ ಮೊದಲ ದಿನಗಳ ಅಭ್ಯಾಸವು ಬಿದಿರುಕೋಲುಗಳಿಂದ ನಡೆಯಿತು. ತಂದೆ ಅರ್ಚಕರು, ತಾಯಿ ಗೃಹಿಣಿ. ಮಗಳ ಸಾಧನೆಗಾಗಿ ತಾಯಿಯು ಒಡವೆಗಳನ್ನು ಅಡವಿಟ್ಟರು.

2007ರಲ್ಲಿ ಟರ್ಕಿಯಲ್ಲಿ ನಡೆದ ತಮ್ಮ ಪ್ರಥಮ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರು ನಿಮಿಷ ತಡವಾಗಿ ಕಣಕ್ಕೆ ಬಂದುದಕ್ಕಾಗಿ ಅವರಿಗೆ ಕಪ್ಪು ಕಾರ್ಡ್ ತೋರಿಸಿ ಸ್ಪರ್ಧೆಯಿಂದ ಹೊರಹಾಕಲಾಯಿತು. ಆಗ ಅವರಿಗೆ 14 ವರ್ಷ. ಈ ಕ್ರೀಡೆಯಲ್ಲಿ ಸಮಯಪಾಲನೆಯು ಸಭ್ಯತೆಯ ವಿಷಯವಷ್ಟೇ ಅಲ್ಲ, ನಿಯಮದ ವಿಷಯವೂ ಹೌದು ಎಂಬುದು ಇದರಿಂದ ಮನವರಿಕೆಯಾಗುತ್ತದೆ.

ಕೇರಳದ ತಲಶ್ಶೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಅವರ ತರಬೇತಿ ಮುಂದುವರಿಯಿತು. ಬೆಂಗಳೂರಿನ ಗೋ ಸ್ಪೋರ್ಟ್ಸ್ ಪ್ರತಿಷ್ಠಾನದ ನೆರವು ದೊರೆಯಿತು. ಬಳಿಕ ಅವರು ಇಟಲಿಯ ಲಿವೊರ್ನೊ ನಗರದಲ್ಲಿ ನಿಕೋಲಾ ಜನೋಟ್ಟಿಯವರ ಬಳಿ ಅಭ್ಯಾಸ ಮಾಡಿದರು. 2016ರ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ದೊರೆಯಲಿಲ್ಲ. 2020ರಲ್ಲಿ ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಸಹಪಾಠಿಗಳಿಲ್ಲದೆ, ಮನೆಯಲ್ಲಿಯೇ ತಮ್ಮ ಕ್ರೀಡಾಚೀಲವನ್ನು ಎದುರಾಳಿಯ ಬೊಂಬೆಯಾಗಿ ನಿಲ್ಲಿಸಿ ಅಭ್ಯಾಸವನ್ನು ಮುಂದುವರಿಸಿದರು. 2021ರ ಮಾರ್ಚ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹರಾದ ಪ್ರಥಮ ಭಾರತೀಯ ಕತ್ತಿವರಸೆ ಪಟು ಎನಿಸಿದರು. ಅದೇ ವರ್ಷದ ಜುಲೈ 26ರಂದು ಟ್ಯುನೀಸಿಯಾದ ನಾದಿಯಾ ಬೆನ್ ಅಝೀಝಿಯವರನ್ನು 15-3ರಿಂದ ಸೋಲಿಸಿ, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರೂನೆಯವರಿಗೆ 7-15ರಿಂದ ಮಣಿದರು. 2021ರ ಅರ್ಜುನ ಪ್ರಶಸ್ತಿಯು ಅವರಿಗೆ ಸಂದಿತು.

2023ರ ಜೂನ್‌ನಲ್ಲಿ ಚೀನಾದ ವುಕ್ಸಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಆಗಿನ ವಿಶ್ವ ಚಾಂಪಿಯನ್, ಜಪಾನಿನ ಮಿಸಾಕಿ ಎಮುರಾ ಅವರನ್ನು 15-10ರಿಂದ ಪರಾಭವಗೊಳಿಸಿದರು. ಸೆಮಿಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಜೈನಬ್ ದೈಬೆಕೋವಾ ಅವರೆದುರು 14-15ರಿಂದ, ಎಂದರೆ ಒಂದೇ ಒಂದು ಸ್ಪರ್ಶದಿಂದ, ಸೋತರು. ಅಲ್ಲಿ ದೊರೆತ ಕಂಚು ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪ್ರಥಮ ಪದಕವಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅವರಿಗೆ ಅರ್ಹತೆ ಲಭಿಸಲಿಲ್ಲ. ಶ್ರಮವೆಲ್ಲವೂ ಪದಕವಾಗಿ ಪರಿಣಮಿಸುವುದಿಲ್ಲ ಎಂಬುದನ್ನೂ, ಶ್ರಮವಿಲ್ಲದೆ ಆ ಒಂದು ಸ್ಪರ್ಶದ ಸಮೀಪಕ್ಕೂ ಹೋಗಲಾಗದು ಎಂಬುದನ್ನೂ ಈ ಜೀವನವು ಒಟ್ಟಿಗೆ ತಿಳಿಸುತ್ತದೆ.

ಸ್ಪರ್ಧೆಯ ದಿನಗಳು

ಸ್ಪರ್ಧೆ ಹತ್ತಿರವಾದಂತೆ ಅಭ್ಯಾಸದ ಪ್ರಮಾಣವು ಅರ್ಧದಷ್ಟಕ್ಕೆ ಇಳಿಯುತ್ತದೆ. ಆದರೆ ವೇಗ ಮತ್ತು ತೀವ್ರತೆಯನ್ನು ಇಳಿಸುವುದಿಲ್ಲ. ಈ ದಿನಗಳಲ್ಲಿ ಮೈ ಹಗುರಾಗುವುದರಿಂದ ಇನ್ನಷ್ಟು ಅಭ್ಯಾಸ ಮಾಡಬೇಕೆಂಬ ತವಕ ಉಂಟಾಗುತ್ತದೆ. ಅದನ್ನು ಹತೋಟಿಯಲ್ಲಿಡುವುದೂ ಒಂದು ಶಿಸ್ತು. ಹೊಸ ಆಹಾರ, ಹೊಸ ಪಾದರಕ್ಷೆ, ಹೊಸ ತಂತ್ರ ಇವಾವುದನ್ನೂ ಈ ಹಂತದಲ್ಲಿ ಪ್ರಯೋಗಿಸಬಾರದು.

ಸ್ಪರ್ಧೆಯ ದಿನದ ಹೆಚ್ಚಿನ ಭಾಗವು ಕಾಯುವುದರಲ್ಲಿಯೇ ಕಳೆಯುತ್ತದೆ. 64 ಮಂದಿಯ ಸುತ್ತಿನಿಂದ ಹೊರಟು ಪ್ರಶಸ್ತಿ ಗೆಲ್ಲಬೇಕಾದರೆ ಸತತವಾಗಿ ಆರು ಪಂದ್ಯಗಳನ್ನು ಗೆಲ್ಲಬೇಕು. ಪಂದ್ಯಗಳ ನಡುವೆ ಮೈ ತಣ್ಣಗಾಗದಂತೆ, ಮನಸ್ಸು ಬಳಲದಂತೆ ನೋಡಿಕೊಳ್ಳಬೇಕು. ಕಣದಲ್ಲಿ ಒಂದು ಸ್ಪರ್ಶಕ್ಕೂ ಇನ್ನೊಂದಕ್ಕೂ ನಡುವೆ ದೊರೆಯುವ ಕೆಲವೇ ಸೆಕೆಂಡುಗಳಲ್ಲಿ ದೀರ್ಘವಾಗಿ ಉಸಿರೆಳೆದು, ಕಳೆದುಹೋದ ಅಂಕವನ್ನು ಮರೆತು, ಮುಂದಿನ ನಡೆಯನ್ನು ನಿಶ್ಚಯಿಸಿಕೊಳ್ಳಬೇಕು. ಪಂದ್ಯದ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಎದುರಾಳಿಗೆ ಖಡ್ಗವೆತ್ತಿ ವಂದಿಸುವುದು ಕಡ್ಡಾಯ. ಗೆದ್ದವರಿಗೂ ಸೋತವರಿಗೂ ಈ ನಿಯಮವು ಸಮಾನವಾಗಿ ಅನ್ವಯಿಸುತ್ತದೆ.

ಪೋಷಕರು ಮತ್ತು ಯುವಜನರ ಗಮನಕ್ಕೆ

ಕತ್ತಿವರಸೆಯು ಇಂದು ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಖೇಲೋ ಇಂಡಿಯಾ ಸ್ಪರ್ಧೆಗಳಲ್ಲಿಯೂ ಸ್ಥಾನ ಪಡೆದಿದೆ. ಉನ್ನತ ಮಟ್ಟದ ಪಟುಗಳಿಗೆ 2014ರಲ್ಲಿ ಆರಂಭವಾದ ಒಲಿಂಪಿಕ್ ಪದಕ ಗುರಿ ಯೋಜನೆಯ ಮೂಲಕ ನೆರವು ನೀಡಲಾಗುತ್ತದೆ. ಭವಾನಿ ದೇವಿಯವರೂ ಈ ಯೋಜನೆಯ ಪ್ರಯೋಜನ ಪಡೆದವರೇ. ಆಸಕ್ತ ಮಕ್ಕಳು ಮೊದಲು ಸಮೀಪದ ಜಿಲ್ಲಾ ಅಥವಾ ರಾಜ್ಯ ಮಟ್ಟದ ಸಂಸ್ಥೆಯ ಮೂಲಕ ಕಲಿಕೆ ಆರಂಭಿಸಬಹುದು. ಪ್ರಾಧಿಕಾರದ ಕೇಂದ್ರಗಳಿಗೆ ಆಯ್ಕೆಯು ಸಾಧನೆ ಹಾಗೂ ಸಾಮರ್ಥ್ಯ ಪರೀಕ್ಷೆಗಳ ಆಧಾರದ ಮೇಲೆ ನಡೆಯುತ್ತದೆ.

ಪೋಷಕರು ಕೆಲವು ಅಂಶಗಳನ್ನು ನೆನಪಿನಲ್ಲಿಡಬೇಕು. ಮೊದಲ ವರ್ಷದಲ್ಲಿ ದುಬಾರಿ ಆಯುಧಗಳನ್ನು ಕೊಳ್ಳುವ ಅಗತ್ಯವಿಲ್ಲ. ಹೆಜ್ಜೆಗಳ ಅಭ್ಯಾಸಕ್ಕೆ ಸಮತಟ್ಟಾದ ನೆಲವಿದ್ದರೆ ಸಾಕು. ಆದರೆ ಖಡ್ಗ ಹಿಡಿದು ಎದುರು ನಿಲ್ಲುವಾಗ ಮುಖಕವಚ ಮತ್ತು ರಕ್ಷಣಾ ಉಡುಪುಗಳ ವಿಷಯದಲ್ಲಿ ಉಳಿತಾಯ ಸಲ್ಲದು. ನೋವನ್ನು ಮುಚ್ಚಿಟ್ಟು ಆಡುವುದನ್ನು ಪ್ರೋತ್ಸಾಹಿಸಬಾರದು. ಸೋತು ಬಂದ ದಿನ ಮನೆಯಲ್ಲಿ ಆಡುವ ಮಾತು ಮಗುವಿನ ಮುಂದಿನ ಅಭ್ಯಾಸದ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ಮರೆಯಬಾರದು.

ಎಲ್ಲ ಮಕ್ಕಳೂ ಒಲಿಂಪಿಕ್ ಕಣವನ್ನು ತಲಪಲಾರರು. ಆದರೆ ಹೊತ್ತಿಗೆ ಸರಿಯಾಗಿ ಏಳುವುದು, ತನ್ನ ಸಲಕರಣೆಗಳನ್ನು ತಾನೇ ಜೋಪಾನ ಮಾಡುವುದು, ಎದುರಾಳಿಯನ್ನು ಗೌರವಿಸುವುದು, ನಿನ್ನೆಯ ತಪ್ಪನ್ನು ಇಂದಿನ ಅಭ್ಯಾಸದಲ್ಲಿ ತಿದ್ದಿಕೊಳ್ಳುವುದು ಇವು ಈ ಕ್ರೀಡೆಯನ್ನು ಕೆಲವು ವರ್ಷ ಕಲಿತವರಿಗೂ ದಕ್ಕುವ ಲಾಭಗಳು. ಕತ್ತಿವರಸೆಯಲ್ಲಿ ಪಂದ್ಯವು ನಿಮಿಷಗಳಲ್ಲಿ ಮುಗಿಯುತ್ತದೆ. ಅದಕ್ಕೆ ಬೇಕಾದ ಗುಣಗಳನ್ನು ಮಾತ್ರ ಪ್ರತಿದಿನವೂ ಸಂಪಾದಿಸಬೇಕಾಗುತ್ತದೆ.